ಮಾವುತ ಆಡದ ಮಾತು

"ಪ್ರೀತಿ ಇದ್ದ ಮೇಲೆ ಮಾತು ಕೇಳಬೇಕಲ್ಲವೇ, ಅಪ್ಪಾವರೇ?"

ಕೇಳಿದವಳು ದಾಕ್ಷಾಯಣಿ. ಮಲಪ್ರಭೆಯ ದಂಡೆಯ ಆ ಆಶ್ರಮದಲ್ಲಿ ಹೆಣ್ಣುಮಕ್ಕಳ ವಸತಿಶಾಲೆಯನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ತಾಯಿತಂದೆ ಇಲ್ಲದ ಸುವರ್ಣೆ ಎಂಬ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಬೆಳೆಸಿದ್ದಳು. ಸುವರ್ಣೆ ಈಗ ಪ್ರಾಯಕ್ಕೆ ಬಂದ ಹುಡುಗಿ. ಎಂದೂ ಎದುರಾಡಿದವಳಲ್ಲ. ದಾಕ್ಷಾಯಣಿ ಎದುರಿಗೆ ಬಂದರೆ ಎದ್ದು ನಿಲ್ಲುವಳು. ಹೇಳಿದ್ದಕ್ಕೆಲ್ಲ ಹೂಂ ಎನ್ನುವಳು. ಅಂಥವಳು ಆ ಬೆಳಿಗ್ಗೆ, ನರ್ಸಿಂಗ್ ಕಲಿಯಲು ಬೀದರಿಗೆ ಹೋಗುತ್ತೇನೆ ಎಂದಿದ್ದಳು. ಬೇಡವೆಂದರೂ ಹೋಗುತ್ತೇನೆ ಎಂದಿದ್ದಳು.

ಅಪ್ಪಾವರೆಂದರೆ ಆಶ್ರಮದ ಗುರುಗಳು.

"ಅವಳು ಹಾಗೆಂದಾಗ ನಿನಗೆ ಏನನ್ನಿಸಿತು?" ಎಂದು ಕೇಳಿದರು.

"ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಸುಳ್ಳಾಯಿತು ಅನ್ನಿಸಿತು."

"ಕೂತುಕೋ ತಾಯಿ," ಎಂದರು ಗುರುಗಳು. "ಒಬ್ಬ ಮಾವುತನಿಗೂ ಹೀಗೇ ಅನ್ನಿಸಿತ್ತು." ಅವರು ಹೇಳಿದ ಕತೆ ಇದು.

ಒಂದು ಸರ್ಕಸ್ಸಿನಲ್ಲಿ ದಸ್ತಗೀರ ಎಂಬ ಮಾವುತನಿದ್ದ. ಅವನ ತಂದೆಯೂ ಅಲ್ಲಿಯೇ ಮಾವುತನಾಗಿದ್ದವನು. ಮಗ ಹುಟ್ಟಿದ್ದು ಡೇರೆಯಲ್ಲಿ, ಬೆಳೆದದ್ದು ಡೇರೆಯಲ್ಲಿ. ನಿನ್ನ ಊರು ಯಾವುದು ಎಂದು ಯಾರಾದರೂ ಕೇಳಿದರೆ, ಡೇರೆ ಆಗ ಯಾವ ಊರಿನಲ್ಲಿ ನಿಂತಿದೆಯೋ ಆ ಊರಿನ ಹೆಸರು ಹೇಳುತ್ತಿದ್ದ.

ಅವನಿಗೆ ಮೀಸೆ ಮೂಡುವ ಹೊತ್ತಿಗೆ ಸರ್ಕಸ್ಸಿಗೆ ಒಂದು ಹೆಣ್ಣಾನೆಯ ಮರಿ ಬಂತು. ಎಲ್ಲಿಂದ ತಂದರೆಂದು ಯಾರೂ ಬಾಯಿಬಿಡಲಿಲ್ಲ. ತಾಯಿಯಿಂದ ಬಿಡಿಸಿ ತಂದದ್ದೆಂಬುದು ಮಾತ್ರ ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಅದು ತನ್ನ ಸೊಂಡಿಲನ್ನು ತಾನೇ ಬಾಯಲ್ಲಿಟ್ಟುಕೊಂಡು ಚೀಪುತ್ತಿತ್ತು. ಮಾಲೀಕ ಅದಕ್ಕೆ ಚಮೇಲಿ ಎಂದು ಹೆಸರಿಟ್ಟ. ಪಳಗಿಸುವ ಕೆಲಸವನ್ನು ದಸ್ತಗೀರನ ತಂದೆಗೆ ಒಪ್ಪಿಸಿದ.

ಪಳಗಿಸಲು ಆ ಮುದುಕನದೊಂದು ಕ್ರಮವಿತ್ತು. ಮರಿಯ ನಾಲ್ಕೂ ಕಾಲುಗಳನ್ನು ನಾಲ್ಕು ಗೂಟಗಳಿಗೆ ಕಟ್ಟುವುದು. ಮೇವು ಕೊಡದಿರುವುದು. ಮಲಗಗೊಡದಿರುವುದು. ಅದು ಕೂಗಿ ಕೂಗಿ ಸೋತು ಸುಮ್ಮನಾದ ಮೇಲೆ ಒಬ್ಬನು ಬೆಲ್ಲ ಹಿಡಿದುಕೊಂಡು ಹತ್ತಿರ ಹೋಗುವುದು.

ಮುದುಕ ಮಗನನ್ನು ಕರೆದು ಹೇಳಿದ: "ಕಟ್ಟುವವನು ನಾನಾಗುತ್ತೇನೆ. ಹೊಡೆಯುವವನೂ ನಾನೇ. ಬೆಲ್ಲ ಕೊಡುವವನು ನೀನಾಗು. ಸಾಯುವ ತನಕ ಅದು ನಿನ್ನನ್ನು ಬಿಡುವುದಿಲ್ಲ."

ಹಾಗೆಯೇ ಆಯಿತು. ಮರಿ ಮೊದಲು ದಸ್ತಗೀರನ ಅಂಗೈ ಮೂಸಿತು, ಆಮೇಲೆ ಬೆಲ್ಲ ತಿಂದಿತು, ಆಮೇಲೆ ಅವನ ಅಂಗಿಯ ತುದಿಯನ್ನು ಹಿಡಿದುಕೊಂಡಿತು. ಕಟ್ಟು ಬಿಚ್ಚಿದ ದಿನ ಅದು ಎಲ್ಲಿಗೂ ಓಡಲಿಲ್ಲ. ಅವನ ಹಿಂದೆ ಬಂತು. ತಂದೆ ನಕ್ಕ. ದಸ್ತಗೀರನಿಗೆ ಕಣ್ಣಲ್ಲಿ ನೀರು ಬಂತು. ತನ್ನನ್ನು ನಂಬಿದ ಜೀವ ಈ ಲೋಕದಲ್ಲಿ ಒಂದಾದರೂ ಇದೆಯಲ್ಲ ಎಂದುಕೊಂಡ.

ತಾನು ಆ ಆನೆಗೆ ಎಂದೂ ನೋವು ಕೊಟ್ಟವನಲ್ಲ ಎಂದು ಅವನು ತಿಳಿದಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ. ಅಂಕುಶ ಅವನ ಕಂಕುಳಲ್ಲಿ ಇರುತ್ತಿತ್ತು, ಬೀಸಿದ್ದು ಬಹಳ ಕಡಿಮೆ. ಆನೆಯ ಕಣ್ಣಿಗೆ ಬಿದ್ದರೆ ಅಷ್ಟೇ ಸಾಕಾಗಿತ್ತು.

ಚಮೇಲಿ ಬೆಳೆಯಿತು. ಆಟಗಳನ್ನು ಕಲಿಯಿತು. ಬೈಠ್ ಎಂದರೆ ಸ್ಟೂಲಿನ ಮೇಲೆ ಕೂರುತ್ತಿತ್ತು. ಉಠ್ ಎಂದರೆ ಏಳುತ್ತಿತ್ತು. ಚೆಂಡು ಒದೆಯುತ್ತಿತ್ತು. ಬಂದ ದೊಡ್ಡವರ ಕೊರಳಿಗೆ ಹಾರ ಹಾಕುತ್ತಿತ್ತು. ಸಲಾಂ ಎಂದರೆ ಮುಂಗಾಲನ್ನು ಮಡಚಿ, ಸೊಂಡಿಲನ್ನು ಹಣೆಗೆ ಎತ್ತಿ ನಿಲ್ಲುತ್ತಿತ್ತು. ಸಲಾಂ ಆದ ಮೇಲೆ ದಸ್ತಗೀರ ಅದರ ಬಾಯಿಗೆ ಏನಾದರೂ ಹಾಕುತ್ತಿದ್ದ. ಬರಬರುತ್ತ ಅದು ಸಲಾಂ ಮಾಡದೆ ಏನನ್ನೂ ತಿನ್ನದಾಯಿತು. ಬರಿಯ ಹುಲ್ಲು ಹಾಕಿದರೂ ಮೊದಲು ಕಾಲೆತ್ತಿ ಅವನ ಮುಖ ನೋಡುತ್ತಿತ್ತು. ಅವನು ತಲೆಯಾಡಿಸಿದ ಮೇಲೆಯೇ ತಿನ್ನುತ್ತಿತ್ತು.

ಕೊನೆಯ ಆಟ ಒಂದಿತ್ತು. ದಸ್ತಗೀರ ನೆಲದ ಮೇಲೆ ಅಂಗಾತ ಮಲಗುತ್ತಿದ್ದ. ಬ್ಯಾಂಡು ನಿಲ್ಲುತ್ತಿತ್ತು. ಚಮೇಲಿ ಬಂದು ಅವನ ಎದೆಯ ಮೇಲೆ ಕಾಲಿಡುತ್ತಿತ್ತು. ಇಡುತ್ತಿತ್ತು, ಭಾರ ಬಿಡುತ್ತಿರಲಿಲ್ಲ. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಆ ಕ್ಷಣದಲ್ಲಿ ದಸ್ತಗೀರನಿಗೆ ಭಯವೆಂಬುದು ಒಂದು ಸಲವೂ ಆದದ್ದಿಲ್ಲ. ಇದಕ್ಕಿಂತ ದೊಡ್ಡ ಪ್ರೀತಿ ಯಾವುದು ಎಂದು ಅವನು ಜೊತೆಯವರನ್ನು ಕೇಳುತ್ತಿದ್ದ.

ಅವನು ಮದುವೆಯಾಗಲಿಲ್ಲ. ಒಮ್ಮೆ ಅವನಿಗೆ ವಿಷಮಜ್ವರ ಬಂದು ಆಸ್ಪತ್ರೆ ಸೇರಿದ. ಬೇರೆ ಮಾವುತರು ಚಮೇಲಿಯ ಮುಂದೆ ಕಬ್ಬು ಹಾಕಿದರು, ಬಾಳೆಹಣ್ಣು ಹಾಕಿದರು. ಅದು ಮುಟ್ಟಲಿಲ್ಲ. ಅವನು ಗೋಡೆ ಹಿಡಿದುಕೊಂಡು ಎದ್ದು ಬಂದ ಮೇಲೆ ಕಾಲೆತ್ತಿತು, ಆಮೇಲೆ ತಿಂದಿತು. ಈ ಸಂಗತಿಯನ್ನು ಅವನು ಜನ್ಮವಿಡೀ ಹೇಳಿಕೊಂಡು ತಿರುಗಿದ. "ಹೆಂಡತಿ ಮಕ್ಕಳಿದ್ದವರಿಗೂ ಇಷ್ಟು ಸಿಗುತ್ತದೆಯೇ?" ಎನ್ನುತ್ತಿದ್ದ.

ವರ್ಷಗಳು ಕಳೆದವು. ತಂದೆ ತೀರಿಕೊಂಡ. ಸರ್ಕಸ್ಸಿನಲ್ಲಿ ಆನೆಗಳನ್ನು ಆಡಿಸಬಾರದು ಎಂಬ ಕಾನೂನು ಬಂತು. ಡೇರೆಗೆ ಬರುವ ಜನವೂ ಕಡಿಮೆಯಾಗಿದ್ದರು. ಮಾಲೀಕ ಚಮೇಲಿಯನ್ನು ಒಂದು ದೊಡ್ಡ ಊರಿನ ಮೃಗಾಲಯಕ್ಕೆ ಕೊಟ್ಟುಬಿಟ್ಟ. ಆನೆ ಬೇರೆ ಯಾರ ಮಾತನ್ನೂ ಕೇಳದ್ದರಿಂದ ಮೃಗಾಲಯದವರು ದಸ್ತಗೀರನನ್ನೂ ಕೆಲಸಕ್ಕೆ ಇಟ್ಟುಕೊಂಡರು.

ಮೃಗಾಲಯದಲ್ಲಿ ಆಟವಿರಲಿಲ್ಲ, ಲಾರಿಯ ಪ್ರಯಾಣವಿರಲಿಲ್ಲ. ಹೊತ್ತಿಗೆ ಸರಿಯಾಗಿ ಮೇವಿತ್ತು. ಒಂದು ತಗಡಿನ ಕೊಟ್ಟಿಗೆ, ಅದರ ಮುಂದೆ ಸಿಮೆಂಟಿನ ನೆಲ, ಆಚೆಗೆ ಕಂದಕ, ಅದರಾಚೆ ಜನ. ಚಮೇಲಿಯನ್ನು ಬಿಟ್ಟರೆ ಅಲ್ಲಿ ಬೇರೆ ಆನೆ ಇರಲಿಲ್ಲ. ದಸ್ತಗೀರನಿಗೆ ಆ ಜಾಗ ಹಿಡಿಸಿತು. ಮುಪ್ಪಿನಲ್ಲಿ ಇಬ್ಬರಿಗೂ ಒಂದು ನೆಲೆಯಾಯಿತು ಎಂದುಕೊಂಡ.

ಅಲ್ಲಿ ಚಮೇಲಿ ಒಂದು ಹೊಸ ಆಟ ಕಲಿಯಿತು. ನಿಂತಲ್ಲೇ ತಲೆಯನ್ನು ಆಚೆಗೆ ಈಚೆಗೆ ತೂಗುವುದು. ಒಂದು ಕಾಲನ್ನು ಎತ್ತುವುದು, ಇಡುವುದು. ಮತ್ತೆ ಎತ್ತುವುದು, ಇಡುವುದು. ಜನ ಕಂದಕದ ಆಚೆ ನಿಂತು, "ನೋಡಿ, ಆನೆ ಕುಣಿಯುತ್ತಿದೆ!" ಎಂದು ಚಪ್ಪಾಳೆ ತಟ್ಟುತ್ತಿದ್ದರು. ದಸ್ತಗೀರನಿಗೆ ಹೆಮ್ಮೆ. "ಸರ್ಕಸ್ಸಿನ ಬ್ಯಾಂಡು ಇನ್ನೂ ಅವಳ ಕಿವಿಯಲ್ಲಿದೆ," ಎಂದು ಹೇಳುತ್ತಿದ್ದ. ತಾನೂ ಅದಕ್ಕೆ ಸರಿಯಾಗಿ ಕೈ ತಟ್ಟುತ್ತಿದ್ದ.

ಕೆಲವು ಕಾಲದ ಮೇಲೆ ಚಮೇಲಿಯ ಕಾಲಿನ ಉಗುರುಗಳ ಬುಡದಲ್ಲಿ ಕೀವು ತುಂಬಿತು. ಅಂಗಾಲು ಬಿರಿಯಿತು. ಮೃಗಾಲಯಕ್ಕೆ ಆಗಷ್ಟೇ ಬಂದಿದ್ದ ವೈದ್ಯೆ ನೋಡಲು ಬಂದಳು. ಅವಳ ಹೆಸರು ಮಂದಾಕಿನಿ. ಬಿಸಿನೀರಿನಲ್ಲಿ ಔಷಧ ಕದಡಿ ತಾನೇ ಕೂತು ಕಾಲು ತೊಳೆದಳು. ದಸ್ತಗೀರ ಸಲಾಂ ಎಂದು ಕಾಲೆತ್ತಿಸಿ ನಿಲ್ಲಿಸಿಕೊಂಡಿದ್ದ. ತೊಳೆಯುತ್ತ ವೈದ್ಯೆ ಕೇಳಿದಳು.

"ಇವಳು ಎಷ್ಟು ಕಾಲದಿಂದ ಹೀಗೆ ತೂಗುತ್ತಾಳೆ?"

"ಅದು ಕುಣಿತ, ಅಮ್ಮಾ. ಜನರನ್ನು ಕಂಡರೆ ಅವಳಿಗೆ ಖುಷಿ."

"ಜನ ಇಲ್ಲದಾಗ?"

ದಸ್ತಗೀರನಿಗೆ ಸಿಟ್ಟು ಬಂತು. ಹಾಲು ಕುಡಿಯುವ ವಯಸ್ಸಿನಿಂದ ಸಾಕಿದವನಿಗೆ ನಿನ್ನೆ ಬಂದವಳು ಆನೆಯ ಪಾಠ ಹೇಳುವುದೇ ಎಂದುಕೊಂಡ. ಔಷಧದ ಬಕೆಟ್ಟನ್ನು ಎತ್ತಿ ಕುಕ್ಕಿಟ್ಟು ಹೋದ.

ಆದರೆ ಆ ಮಾತು ಅವನನ್ನು ಬಿಡಲಿಲ್ಲ. ಮಂಗಳವಾರ ಮೃಗಾಲಯಕ್ಕೆ ರಜೆ. ಬೆಳಗಿನ ಮೇವು ಹಾಕಿ ಅವನು ಅಂದು ತನ್ನ ತಂಗಿಯ ಮನೆಗೆ ಹೋಗುವುದು ವಾಡಿಕೆ. ಆ ಮಂಗಳವಾರ ಹೋಗುವವನಂತೆ ಹೋಗಿ, ಬಳಸಿ ಬಂದು, ಮೇವಿನ ಕೋಣೆಯ ಹಿಂದೆ ನಿಂತ. ಗೋಡೆಯ ಬಿರುಕಿನಿಂದ ನೋಡಿದ.

ಜನ ಇರಲಿಲ್ಲ. ಚಪ್ಪಾಳೆ ಇರಲಿಲ್ಲ. ಚಮೇಲಿ ತೂಗುತ್ತಿತ್ತು. ತಲೆ ಆಚೆಗೆ, ತಲೆ ಈಚೆಗೆ. ಕೀವು ತುಂಬಿದ ಕಾಲನ್ನು ಎತ್ತಿತು, ಇಟ್ಟಿತು. ಮುಂದೆ ಹಾಕಿದ ಹುಲ್ಲು ಹಾಗೆಯೇ ಇತ್ತು. ಕಾಗೆ ಬಂದು ಬೆನ್ನ ಮೇಲೆ ಕೂತರೂ ಅದಕ್ಕೆ ತಿಳಿಯಲಿಲ್ಲ. ಬಿಸಿಲು ನೆತ್ತಿಗೆ ಬಂತು. ತೂಗುವುದು ನಿಲ್ಲಲಿಲ್ಲ. ಕುಣಿಯುವವರಿಗೆ ದಣಿವಾಗುತ್ತದೆ, ದಣಿದರೆ ನಿಲ್ಲುತ್ತಾರೆ. ಇದು ನಿಲ್ಲುವಂಥದ್ದಲ್ಲ ಎಂದು ದಸ್ತಗೀರನಿಗೆ ಗೊತ್ತಾಯಿತು.

ಅವನಿಗೆ ತಡೆಯಲಾಗಲಿಲ್ಲ. ಕೆಮ್ಮಿದ.

ಚಮೇಲಿ ಒಮ್ಮೆಗೇ ನಿಂತಿತು. ಕಿವಿ ನಿಮಿರಿಸಿತು. ಅವನು ಇನ್ನೂ ಕಣ್ಣಿಗೆ ಬೀಳುವ ಮುಂಚೆಯೇ ಮುಂಗಾಲು ಮಡಚಿ, ಸೊಂಡಿಲನ್ನು ಹಣೆಗೆ ಎತ್ತಿತು.

ದಸ್ತಗೀರ ಗೋಡೆಗೆ ಒರಗಿ ಕೂತ. ಅವನಿಲ್ಲದಾಗ ಅದು ತೂಗುತ್ತದೆ. ಅವನು ಬಂದಾಗ ಸಲಾಂ ಮಾಡುತ್ತದೆ. ಅದರ ಬದುಕಿನಲ್ಲಿ ಮೂರನೆಯದೆಂಬುದೇ ಇರಲಿಲ್ಲ.

ಇಲ್ಲಿ ದಾಕ್ಷಾಯಣಿ ಬಾಯಿ ಹಾಕಿದಳು.

"ಆದರೂ ಅವನು ಪ್ರೀತಿಸಿದ್ದು ನಿಜವಲ್ಲವೇ, ಅಪ್ಪಾವರೇ?"

"ನಿಜವೇ," ಎಂದರು ಗುರುಗಳು. "ನಿಜವಲ್ಲದಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಎದ್ದು ತಂಗಿಯ ಮನೆಗೆ ಹೋಗಿ ಊಟ ಮಾಡುತ್ತಿದ್ದ."

ಅವನು ತಂಗಿಯ ಮನೆಗೆ ಹೋಗಲಿಲ್ಲ. ವೈದ್ಯೆಯ ಮನೆಗೆ ಹೋದ. ಹೊರಗೇ ನಿಂತು, "ಅಮ್ಮಾ, ಅವಳಿಗೆ ಏನು ಮಾಡಬೇಕು?" ಎಂದು ಕೇಳಿದ.

ಕಾಡಿನ ಅಂಚಿನಲ್ಲಿ ಒಂದು ಜಾಗವಿದೆ ಎಂದು ಮಂದಾಕಿನಿ ಹೇಳಿದಳು. ಅಲ್ಲಿ ಒಂದು ಕೆರೆ, ಸುತ್ತ ಹುಲ್ಲು, ಮರ. ಸರ್ಕಸ್ಸುಗಳಿಂದ, ಗುಡಿಗಳಿಂದ ಬಿಡಿಸಿ ತಂದ ಮುದಿ ಆನೆಗಳನ್ನು ಕೆಲವರು ಸೇರಿ ಅಲ್ಲಿ ನೋಡಿಕೊಳ್ಳುತ್ತಾರೆ. ಸರಪಳಿ ಇಲ್ಲ. ಬೇಲಿ ಇದೆ, ಆದರೆ ಬಹಳ ದೂರದಲ್ಲಿದೆ. ಮಣ್ಣಿನ ಮೇಲೆ ನಿಂತರೆ ಕಾಲು ಮಾಯುತ್ತದೆ.

"ನಾನೂ ಬರುತ್ತೇನೆ," ಎಂದ ದಸ್ತಗೀರ.

"ಬನ್ನಿ. ಅಂಕುಶವನ್ನು ಮಾತ್ರ ಇಲ್ಲೇ ಬಿಟ್ಟು ಬನ್ನಿ."

ಸರ್ಕಾರದ ಅಪ್ಪಣೆಗಳೆಲ್ಲ ಸಿಕ್ಕಿದ ಮೇಲೆ ಲಾರಿ ಬಂತು. ಚಮೇಲಿ ಬೇರೆಯವರ ಮಾತಿಗೆ ಹತ್ತಲಿಲ್ಲ. ದಸ್ತಗೀರ ಹೇಳಿದ, ಹತ್ತಿತು.

ಅಲ್ಲಿ ಇಳಿದಾಗ ಅದರ ಕಾಲ ಕೆಳಗೆ ಮೆತ್ತನೆಯ ಮಣ್ಣಿತ್ತು. ಅದು ಕಾಲಿಟ್ಟು, ಬೆದರಿ, ಮತ್ತೆ ಎತ್ತಿಕೊಂಡಿತು. ದಸ್ತಗೀರ ಮುಂದೆ ನಡೆದ. ಅದು ಹಿಂದೆ ಬಂತು. ಅವನು ನಿಂತ, ಅದೂ ನಿಂತಿತು. ಎದುರಿಗೆ ಕೆರೆ ಹರಡಿಕೊಂಡಿತ್ತು. ಆಚೆ ದಡದಲ್ಲಿ ನಾಲ್ಕಾರು ಆನೆಗಳು ನೀರಾಡುತ್ತಿದ್ದವು. ಚಮೇಲಿ ಆ ಕಡೆ ನೋಡಲಿಲ್ಲ. ಅವನ ಮುಖ ನೋಡುತ್ತಿತ್ತು.

"ಹೋಗು," ಎಂದ ದಸ್ತಗೀರ.

ಅದು ಕಾಲೆತ್ತಿ ಸಲಾಂ ಮಾಡಿತು.

"ಹೋಗು ಚಮೇಲಿ, ಎಲ್ಲಿಗಾದರೂ ಹೋಗು."

ಅದು ಮಣ್ಣಿನ ಮೇಲೆ ಕೂತಿತು. ಎದ್ದಿತು. ತಿಳಿದ ಆಟಗಳನ್ನೆಲ್ಲ ಒಂದಾದ ಮೇಲೊಂದು ಮಾಡತೊಡಗಿತು. ಯಾವುದನ್ನು ಮಾಡಿದರೆ ಇವನು ತಲೆಯಾಡಿಸುತ್ತಾನೆ ಎಂದು ಹುಡುಕುತ್ತಿತ್ತು. ದಸ್ತಗೀರ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. ಕೂರು, ಏಳು, ಎತ್ತು, ನಡೆ, ನಿಲ್ಲು ಎನ್ನುವುದಕ್ಕೆಲ್ಲ ಅವನ ಬಳಿ ಮಾತಿತ್ತು. ನಿನಗೆ ತೋಚಿದಂತೆ ಇರು ಎನ್ನಲು ಒಂದು ಮಾತೂ ಇರಲಿಲ್ಲ. ಅವನ ತಂದೆ ಅದನ್ನು ಕಲಿಸಿರಲಿಲ್ಲ. ತಂದೆಗೂ ಅದು ಗೊತ್ತಿರಲಿಲ್ಲ.

ಅಲ್ಲಿ ಒಂದು ಮುದಿ ಹೆಣ್ಣಾನೆಯಿತ್ತು. ಯಾವುದೋ ಗುಡಿಯಿಂದ ಬಂದದ್ದು. ಒಂದು ಕಣ್ಣು ಹೋಗಿತ್ತು. ಅದು ಕೆರೆಯನ್ನು ಬಳಸಿ ಬಂದು ಚಮೇಲಿಯ ಬಾಯನ್ನು ಸೊಂಡಿಲಿನಿಂದ ಮುಟ್ಟಿತು. ಆನೆಗಳು ಪರಿಚಯ ಮಾಡಿಕೊಳ್ಳುವುದು ಹಾಗೆ. ಚಮೇಲಿ ನಡುಗಿತು. ಉತ್ತರವಾಗಿ ಏನು ಮಾಡಬೇಕೆಂದು ಅದಕ್ಕೆ ತಿಳಿಯಲಿಲ್ಲ. ಮತ್ತೆ ದಸ್ತಗೀರನ ಕಡೆ ತಿರುಗಿತು. ಮುದಿಯಾನೆ ಸ್ವಲ್ಪ ಹೊತ್ತು ಕಾದು ಹೊರಟುಹೋಯಿತು. ಮರುದಿನ ಬಂತು. ಅದರ ಮರುದಿನವೂ ಬಂತು. ಪ್ರತಿ ಸಲವೂ ಚಮೇಲಿ ಅವನ ಅಪ್ಪಣೆಗೆ ಕಾದು ನಿಲ್ಲುತ್ತಿತ್ತು.

ಮಂದಾಕಿನಿ ಕಾಲು ನೋಡಲು ಬಂದವಳು ಇದನ್ನೆಲ್ಲ ಕಂಡಳು.

"ನೀವು ಎದುರಿಗೆ ಇರುವ ತನಕ ಅವಳು ನಿಮ್ಮನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ, ದಸ್ತಗೀರ್ ಭಾಯಿ," ಎಂದಳು.

"ನಾನು ಹೋದರೆ ಅವಳು ತಿನ್ನುವುದಿಲ್ಲ. ಹಿಂದೆ ಒಂದು ಸಲ ಮೇವು ಬಿಟ್ಟಿದ್ದಳು. ಸತ್ತರೆ?"

ವೈದ್ಯೆ ನೆಲ ನೋಡಿದಳು. "ಸಾಯಲೂಬಹುದು. ಹಾಗಾಗುವುದಿಲ್ಲ ಎಂದು ನಾನು ಹೇಗೆ ಹೇಳಲಿ?"

ಸುಳ್ಳು ಹೇಳಿದ್ದರೆ ಅವನು ಹೋಗುತ್ತಿರಲಿಲ್ಲವೇನೋ. ನಿಜ ಹೇಳಿದ್ದರಿಂದ ಅವಳ ಮೇಲೆ ನಂಬಿಕೆ ಬಂತು. ಮಾರನೆಯ ಬೆಳಿಗ್ಗೆ ಚಮೇಲಿಯ ಕಾಲಿಗೆ ಔಷಧ ಹಚ್ಚಿದ. ಕಿವಿಯ ಹಿಂದೆ ತಿಕ್ಕಿದ. ಬರುತ್ತೇನೆ ಎನ್ನಲಿಲ್ಲ. ಅದು ನೀರು ಕುಡಿಯಲು ತಲೆ ತಗ್ಗಿಸಿದಾಗ ಗೇಟು ದಾಟಿ ಹೊರಟ. ಹತ್ತಿರದ ಹಳ್ಳಿಯಲ್ಲಿ ಒಂದು ಕೋಣೆ ಹಿಡಿದು ಉಳಿದುಕೊಂಡ.

ಚಮೇಲಿ ಕೂಗಿತು. ಹಳ್ಳಿಯ ತನಕ ಕೇಳಿಸಿತು. ಮರಿಯಾಗಿದ್ದಾಗ ಗೂಟಕ್ಕೆ ಕಟ್ಟಿದ್ದ ದಿನಗಳನ್ನು ಬಿಟ್ಟರೆ ಅದು ಹಾಗೆ ಕೂಗಿರಲಿಲ್ಲ. ದಸ್ತಗೀರ ಬಾಗಿಲು ಹಾಕಿಕೊಂಡ. ನಮಾಜಿಗೆ ನಿಂತ, ಮುಗಿಸಲಾಗಲಿಲ್ಲ.

ಅದು ಮೇವು ಬಿಟ್ಟಿತು. ಮೊದಲ ದಿನ ಮುಟ್ಟಲಿಲ್ಲ. ಎರಡನೆಯ ದಿನವೂ ಮುಟ್ಟಲಿಲ್ಲ. ಅಲ್ಲಿನವರು ಬೆಲ್ಲ ಕಲಸಿದ ಮುದ್ದೆ ಹಿಡಿದು ಬೇಡಿಕೊಂಡರು. ಅದು ಗೇಟಿನ ಕಡೆ ಮುಖ ಮಾಡಿ ತೂಗುತ್ತ ನಿಂತಿತು. ಹೀಗೇ ದಿನಗಳು ಕಳೆದು, ತೂಗುವುದಕ್ಕೂ ಶಕ್ತಿಯಿಲ್ಲದೆ ಸುಮ್ಮನೆ ನಿಂತಿತು. ಹಳ್ಳಿಗೆ ಹೇಳಿಕಳಿಸಿದರು.

ದಸ್ತಗೀರ ಚಪ್ಪಲಿ ಮೆಟ್ಟುವುದನ್ನೂ ಮರೆತು ಬಂದ. ಗೇಟಿನ ಹತ್ತಿರ ಒಂದು ಮತ್ತಿಯ ಮರವಿತ್ತು. ಗಾಳಿ ಅವನ ಕಡೆಗೆ ಬೀಸುತ್ತಿದ್ದುದರಿಂದ ಆನೆಗೆ ಅವನ ವಾಸನೆ ಹತ್ತಲಿಲ್ಲ. ಮರದ ಮರೆಯಲ್ಲಿ ನಿಂತು ನೋಡಿದ. ಚಮೇಲಿಯ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಎದುರಿಗೆ ಹುಲ್ಲಿನ ರಾಶಿ ಹಾಗೆಯೇ ಬಿದ್ದಿತ್ತು. ಒಕ್ಕಣ್ಣಿನ ಮುದಿಯಾನೆ ಪಕ್ಕದಲ್ಲಿ ನಿಂತಿತ್ತು.

ಒಂದು ಮಾತು ಸಾಕಾಗಿತ್ತು. ಸಲಾಂ ಎಂದರೆ ಅದು ಕಾಲೆತ್ತುತ್ತಿತ್ತು. ಅವನು ತಲೆಯಾಡಿಸಿದರೆ ತಿನ್ನುತ್ತಿತ್ತು, ಬದುಕುತ್ತಿತ್ತು. ಆ ಮಾತು ಅವನ ನಾಲಗೆಯ ಮೇಲೆಯೇ ಇತ್ತು. ಆಡಿದರೆ ಆನೆ ಉಳಿಯುತ್ತದೆ, ಆದರೆ ಮೊದಲಿನಂತೆಯೇ ಉಳಿಯುತ್ತದೆ. ಆಡದಿದ್ದರೆ ಉಳಿಯುತ್ತದೆಯೋ ಇಲ್ಲವೋ ಯಾರು ಬಲ್ಲರು? ಹೇಳಿಕಳಿಸಿದವರು ಅವನ ಬೆನ್ನ ಹಿಂದೆ ನಿಂತು, "ಕರೆಯಿರಿ, ಕರೆಯಿರಿ," ಎಂದು ಪಿಸುಗುಟ್ಟುತ್ತಿದ್ದರು.

ಅವನು ಮರವನ್ನು ತಬ್ಬಿಕೊಂಡು ನಿಂತ. ತೊಗಟೆಗೆ ಹಣೆ ಒತ್ತಿಕೊಂಡ. ಬಾಯಿ ತೆರೆಯಲಿಲ್ಲ.

ಮುದಿಯಾನೆ ಒಂದು ಸೂಡು ಹುಲ್ಲನ್ನು ಸೊಂಡಿಲಿನಿಂದ ದೂಡಿ ಚಮೇಲಿಯ ಕಾಲ ಬಳಿಗೆ ತಂದಿತು. ಚಮೇಲಿ ಅದನ್ನು ನೋಡಿತು. ಗೇಟಿನ ಕಡೆ ನೋಡಿತು. ಅಲ್ಲಿ ಅವನು ಕಾಣಲಿಲ್ಲ. ಮೆಲ್ಲನೆ ಹುಲ್ಲನ್ನು ಎತ್ತಿಕೊಂಡಿತು. ಬಾಯಿಗೆ ಇಡಲಿಲ್ಲ. ಗಾಳಿಯಲ್ಲಿ ಒಮ್ಮೆ ಬೀಸಿ, ತನ್ನ ಬೆನ್ನ ಮೇಲೆ ಎಸೆದುಕೊಂಡಿತು.

ದಸ್ತಗೀರ ಅಂಥದ್ದನ್ನು ಅದಕ್ಕೆ ಕಲಿಸಿರಲಿಲ್ಲ. ಯಾರೂ ಕಲಿಸಿರಲಿಲ್ಲ.

ಅದು ಮತ್ತೊಂದು ಹಿಡಿ ಎತ್ತಿಕೊಂಡಿತು. ಅದನ್ನೂ ಬೆನ್ನ ಮೇಲೆ ಎಸೆದುಕೊಂಡಿತು. ಕಾಲಿನಿಂದ ಮಣ್ಣು ಕೆದರಿ ಅದನ್ನೂ ಮೈಮೇಲೆ ತೂರಿಕೊಂಡಿತು. ಹೊತ್ತು ಇಳಿಯುವ ತನಕ ಹೀಗೇ ನಡೆಯಿತು. ಆಮೇಲೆ ಒಂದು ಹಿಡಿಯನ್ನು ಎತ್ತಿ, ಕಾಲು ಮಡಚದೆ, ಯಾರ ಮುಖವನ್ನೂ ನೋಡದೆ, ಬಾಯಿಗೆ ಇಟ್ಟುಕೊಂಡಿತು.

ದಸ್ತಗೀರ ಮರ ಬಿಟ್ಟು, ಬಂದ ದಾರಿಯಲ್ಲೇ ಹಿಂದಿರುಗಿದ. ಮೈಯೆಲ್ಲ ಜ್ವರ ಬಿಟ್ಟವನಂತೆ ಬೆವರಿತ್ತು.

ಮತ್ತೆ ಅವನು ಆ ಕಡೆ ಹೋಗಲಿಲ್ಲ. ಅಲ್ಲಿಂದ ಬರುವವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದ. ತಿನ್ನುತ್ತಿದ್ದಾಳೆ ಎಂದರು. ಕೆರೆಗೆ ಇಳಿದಳು ಎಂದರು. ಮಣ್ಣಿನ ದಿಬ್ಬಕ್ಕೆ ಒರಗಿ ಮಲಗಿ ನಿದ್ದೆ ಮಾಡಿದಳು ಎಂದರು. ಸಿಮೆಂಟಿನ ಮೇಲೆ ಅದು ನಿಂತೇ ತೂಕಡಿಸುತ್ತಿದ್ದುದನ್ನು ಬಲ್ಲವನಾದ್ದರಿಂದ ಆ ಸುದ್ದಿ ಕೇಳಿದ ದಿನ ಅವನು ಹಳ್ಳಿಯ ಅಂಗಡಿಯಲ್ಲಿ ಎಲ್ಲರಿಗೂ ಚಹಾ ಕೊಡಿಸಿದ. ತೂಗುವುದು ಪೂರ್ತಿ ನಿಂತಿರಲಿಲ್ಲ. ಆಗೀಗ ತೂಗುತ್ತಿತ್ತು. ಮುದಿಯಾನೆ ಬಂದು ಮೈಗೆ ಮೈ ತಾಗಿಸಿದರೆ ನಿಲ್ಲಿಸುತ್ತಿತ್ತು.

ಎರಡು ಮಳೆಗಾಲಗಳ ಮೇಲೆ ಮಂದಾಕಿನಿ ಅವನನ್ನು ಕರೆಯಲು ಬಂದಳು. ಕಾಲು ಮಾಯ್ದಿದೆ, ಈಗ ಬಂದರೆ ತೊಂದರೆಯಿಲ್ಲ ಎಂದಳು. ಅವನು ಒಗೆದ ಅಂಗಿ ಹಾಕಿಕೊಂಡ. ಬೆಲ್ಲದ ಅಚ್ಚೊಂದನ್ನು ಕೈಯಲ್ಲಿ ಎತ್ತಿಕೊಂಡು, ಸ್ವಲ್ಪ ಹೊತ್ತು ನಿಂತು, ಮತ್ತೆ ಅಲ್ಲೇ ಇಟ್ಟು ಬರಿಗೈಯಲ್ಲಿ ಹೊರಟ.

ಕೆರೆಯ ಏರಿಯ ಮೇಲೆ ನಿಂತರು. ಆನೆಗಳು ಆಚೆ ದಡದ ಕೆಸರಿನಲ್ಲಿದ್ದವು. ಚಮೇಲಿ ಯಾವುದೆಂದು ಅವನಿಗೆ ಒಂದು ಕ್ಷಣ ಗುರುತು ಹತ್ತಲಿಲ್ಲ. ಮೈತುಂಬ ಮಣ್ಣು ಮೆತ್ತಿಕೊಂಡಿತ್ತು. ಗುರುತು ಹತ್ತಿದ ಮೇಲೆ ಅವನು ಹೆಸರು ಹಿಡಿದು ಕೂಗಿದ.

"ಚಮೇಲೀ!"

ಅದು ತಲೆಯೆತ್ತಿತು. ಕಿವಿಗಳನ್ನು ಅಗಲಿಸಿತು. ಅವನ ಕಡೆಗೆ ತಿರುಗಿ ನಿಂತಿತು. ಎದೆಯೊಳಗಿನಿಂದ ಒಂದು ಸದ್ದು ಹೊರಡಿಸಿತು, ದೂರದ ಗುಡುಗಿನಂಥದ್ದು. ಅದು ನೆಲದ ಮೂಲಕ ಅವನ ಪಾದಕ್ಕೆ ತಿಳಿಯಿತು. ಗುರುತು ಮರೆತಿರಲಿಲ್ಲ. ಸೊಂಡಿಲು ಚಾಚಿ ಗಾಳಿಯನ್ನು ಬಹಳ ಹೊತ್ತು ಮೂಸಿತು. ದಸ್ತಗೀರ ಕಾದ. ಕಾಲೆತ್ತುತ್ತದೆಯೋ ಎಂದು ಅವನಿಗೆ ಭಯವಾಯಿತು. ಎತ್ತಲಿ ಎಂಬ ಆಸೆಯೂ ಆಯಿತು. ಅವನೂ ಮನುಷ್ಯನೇ ಅಲ್ಲವೇ?

ಅದು ಕಾಲೆತ್ತಲಿಲ್ಲ. ಅಷ್ಟರಲ್ಲಿ ಮುದಿಯಾನೆ ಕೆಸರಿನಿಂದ ಎದ್ದು ಬಿದಿರ ಮೆಳೆಯ ಕಡೆ ಹೊರಟಿತು. ಚಮೇಲಿ ಅವನನ್ನು ಇನ್ನೊಂದು ಸಲ ನೋಡಿತು. ಆಮೇಲೆ ತಿರುಗಿ, ತನ್ನ ಪಾಡಿಗೆ ತಾನು, ಮೆಳೆಯ ಕಡೆ ನಡೆದುಹೋಯಿತು. ಬಿದಿರು ಅಲ್ಲಾಡಿ ನಿಂತ ಮೇಲೂ ದಸ್ತಗೀರ ಏರಿಯ ಮೇಲಿಂದ ಕದಲಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ದಾಕ್ಷಾಯಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಸಮಾಧಾನವಾಗಿರಲಿಲ್ಲ.

"ಅದು ಹತ್ತಿರಕ್ಕೂ ಬರಲಿಲ್ಲವಲ್ಲ, ಅಪ್ಪಾವರೇ. ಜನ್ಮವಿಡೀ ಸಾಕಿದವನಿಗೆ ಕೊನೆಗೆ ಸಿಕ್ಕಿದ್ದೇನು?"

ಗುರುಗಳು ಹೇಳಿದರು: "ಯಾರ ಅಪ್ಪಣೆಯೂ ಇಲ್ಲದೆ ಆನೆ ನಡೆಯುವುದನ್ನು ಅವನು ಅಂದು ಮೊದಲ ಸಲ ನೋಡಿದ, ತಾಯಿ."